ಬಿಲ್ಲು ಹಿಡಿದ ಉಪಾಧ್ಯಾಯ ರೋಜರ್ ಆಸ್ಕಮ್

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಮಹಾವ್ಯಕ್ತಿಯೊಬ್ಬರ ಜೀವನಚಿತ್ರವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಅವರು ಕನ್ನಡ ನಾಡಿನ ಹಿರಿಯರೊಬ್ಬರ ಹೆಸರನ್ನೇ ನಿರೀಕ್ಷಿಸಿದ್ದಿರಬೇಕು. ನಾನಾದರೋ ನಾಲ್ಕೂವರೆ ಶತಮಾನಗಳ ಹಿಂದೆ ಕಾಲವಾದ ಒಬ್ಬ ಇಂಗ್ಲಿಷ್ ಉಪಾಧ್ಯಾಯನನ್ನು ಆರಿಸಿಕೊಂಡಿದ್ದೇನೆ. ಇದಕ್ಕೆ ಕಾರಣವಿದೆ. ರೋಜರ್ ಆಸ್ಕಮ್ ಎಂಬ ಈತನು ಬಿಲ್ವಿದ್ಯೆಯನ್ನು ಕುರಿತು ಇಂಗ್ಲಿಷಿನಲ್ಲಿ ಮೊದಲ ಗ್ರಂಥವನ್ನು ರಚಿಸಿದವನು. ಮುಂದೆ ರಾಣಿಯಾಗಿ ಜಗತ್ಪ್ರಸಿದ್ಧಳಾದ ಮೊದಲನೆಯ ಎಲಿಜಬೆತ್‌ಳಿಗೆ ಪಾಠ ಹೇಳಿದವನು. ಮಕ್ಕಳಿಗೆ ವಿದ್ಯೆಯನ್ನು ಹೊಡೆದು ಕಲಿಸಲಾಗದೆಂದು ತನ್ನ ಕೊನೆಯ ವರ್ಷಗಳಲ್ಲಿ ವಿಸ್ತಾರವಾಗಿ ಬರೆದವನು. ಮೇಲ್ನೋಟಕ್ಕೆ ಈ ಮೂರು ಕೆಲಸಗಳಿಗೆ ಪರಸ್ಪರ ಸಂಬಂಧವಿಲ್ಲವೆಂದು ತೋರಬಹುದು. ಆತನ ಬಾಳನ್ನು ಕ್ರಮವಾಗಿ ನೋಡುತ್ತ ಹೋದರೆ ಮೂರಕ್ಕೂ ಬೇರು ಒಂದೇ ಎಂಬುದು ಮನದಟ್ಟಾಗುತ್ತದೆ.

ಬಿಲ್ಲುಬಾಣಗಳು ನಮ್ಮ ಕಾಸರಗೋಡಿನ ಮಕ್ಕಳಿಗೆ ಅಪರಿಚಿತವಲ್ಲ. ಪಾರ್ತಿಸುಬ್ಬನ ಕುಂಬಳೆ ಸೀಮೆಯವರು ನಾವು. ರಾತ್ರಿಯಿಡೀ ಬಯಲಾಟ ನೋಡಿ, ರಾಮನೂ ಅರ್ಜುನನೂ ಬಿಲ್ಲು ಹಿಡಿದು ಕುಣಿದುದನ್ನು ಕಣ್ಣಲ್ಲಿ ತುಂಬಿಕೊಂಡು ಬಂದ ಹುಡುಗರು, ಮರುದಿನವೇ ಬಿದಿರಿನ ಸೀಳನ್ನು ಬಗ್ಗಿಸಿ, ಹುರಿಹಗ್ಗವನ್ನು ಕಟ್ಟಿ, ಹಿಡಿಸೂಡಿಯ ಕಡ್ಡಿಯನ್ನು ಬಾಣವಾಗಿಸಿ ಅಂಗಳಕ್ಕಿಳಿಯುತ್ತಿದ್ದರು. ಬಿಲ್ಲು ನಾಲ್ಕು ಸಲ ಸೆಳೆಯುವಷ್ಟರಲ್ಲಿ ಮುರಿಯುತ್ತಿತ್ತು; ಕಡ್ಡಿ ಗುರಿಯನ್ನು ಬಿಟ್ಟು ಅಡ್ಡಹಾಯುತ್ತಿತ್ತು. ಬಿಲ್ಲು ಏಕೆ ಮುರಿಯಿತು, ಬಾಣ ಏಕೆ ಅಡ್ಡಹೋಯಿತು ಎಂದು ನಮಗೆ ಹೇಳಿಕೊಡುವವರು ಯಾರೂ ಇರಲಿಲ್ಲ. ಆಸ್ಕಮನು ತನ್ನ ನಾಡಿನ ಜನರಿಗೆ, ಅವರ ಮನೆಮಾತಿನಲ್ಲಿ, ಈ ಪ್ರಶ್ನೆಗಳಿಗೆಲ್ಲ ಉತ್ತರ ಬರೆದಿಟ್ಟನು.

ಬಾಲ್ಯ

ಇಂಗ್ಲೆಂಡಿನ ಉತ್ತರ ಭಾಗದ ಯಾರ್ಕ್‌ಷೈರ್ ಪ್ರಾಂತದಲ್ಲಿ ಕಿರ್ಬಿ ವಿಸ್ಕ್ ಎಂಬ ಹಳ್ಳಿಯಲ್ಲಿ, ಸುಮಾರು 1515ರಲ್ಲಿ ಆಸ್ಕಮನು ಹುಟ್ಟಿದನು. ತಂದೆ ಜಾನ್ ಆಸ್ಕಮ್ ಸ್ಕ್ರೂಪ್ ಎಂಬ ಜಮೀನ್ದಾರ ಮನೆತನದಲ್ಲಿ ಪಾರುಪತ್ಯಗಾರನಾಗಿದ್ದನು. ಸಂಸಾರ ದೊಡ್ಡ ಅನುಕೂಲಸ್ಥರದಲ್ಲ, ಆದರೆ ಮರ್ಯಾದಸ್ಥರದು. ಆ ಕಾಲದ ವಾಡಿಕೆಯಂತೆ ಹುಡುಗನನ್ನು ಚಿಕ್ಕಂದಿನಲ್ಲೇ ಸರ್ ಹಂಫ್ರಿ ವಿಂಗ್‌ಫೀಲ್ಡ್ ಎಂಬ ಗಣ್ಯ ವಕೀಲನ ಮನೆಗೆ ಕಳುಹಿಸಲಾಯಿತು. ಆ ಮನೆಯಲ್ಲಿ ಹಲವು ಮಕ್ಕಳು ಆಶ್ರಯ ಪಡೆದು ಓದುತ್ತಿದ್ದರು.

ವಿಂಗ್‌ಫೀಲ್ಡನು ಪುಸ್ತಕದ ಪಾಠಕ್ಕೆ ಗುರುವನ್ನು ನೇಮಿಸಿ ಸುಮ್ಮನಾದವನಲ್ಲ. ಲಂಡನ್ನಿಗೆ ಹೋದಾಗ ಮಕ್ಕಳಿಗಾಗಿ ಬಿಲ್ಲುಬಾಣಗಳನ್ನು ತರುತ್ತಿದ್ದನು. ಅವರು ಆಡಲು ಹೊರಟಾಗ ತಾನೂ ಬಯಲಿಗೆ ಹೋಗಿ ನಿಂತು ನೋಡುತ್ತಿದ್ದನು. ಚೆನ್ನಾಗಿ ಎಸೆದವನಿಗೆ ಒಳ್ಳೆಯ ಬಿಲ್ಲೇ ಬಹುಮಾನ. ಮನೆಯ ಯಜಮಾನನು ಮಕ್ಕಳ ಆಟದ ಬಯಲಿಗೆ ಬಂದು ನಿಂತ ಆ ನೆನಪನ್ನು ಆಸ್ಕಮನು ಮೂವತ್ತು ವರ್ಷದವನಾದಾಗ ಕೃತಜ್ಞತೆಯಿಂದ ಗ್ರಂಥಸ್ಥಗೊಳಿಸಿದ್ದಾನೆ. ಓದು ಮತ್ತು ಬಿಲ್ಲು ಇವೆರಡೂ ಪ್ರೀತಿಯ ಕೈಯಿಂದಲೇ ಆತನಿಗೆ ದೊರೆತವು ಎಂಬುದನ್ನು ನಾವು ಇಲ್ಲಿ ಗಮನಿಸಬೇಕು.

ಇಂಗ್ಲಿಷರ ಉದ್ದಬಿಲ್ಲು ಅಂದು ಕೇವಲ ಆಟದ ವಸ್ತುವಾಗಿರಲಿಲ್ಲ. 1346ರ ಕ್ರೆಸಿ, 1415ರ ಅಜಿನ್‌ಕೋರ್ಟ್ ಯುದ್ಧಗಳಲ್ಲಿ ಫ್ರೆಂಚ್ ಸೈನ್ಯವನ್ನು ಸೋಲಿಸುವಲ್ಲಿ ಸಾಮಾನ್ಯ ರೈತಮಕ್ಕಳಾದ ಬಿಲ್ಲಾಳುಗಳ ಪಾಲು ದೊಡ್ಡದಾಗಿತ್ತು. ಇಂತಹ ಬಿಲ್ಲನ್ನು ಸೆಳೆಯುವ ಶಕ್ತಿ ಬೆಳೆದ ಮೇಲೆ ಒಮ್ಮೆಲೇ ಬರುವಂತಹದಲ್ಲ. ಎಂಟನೆಯ ಹೆನ್ರಿಯ ಕಾಲದ 1541ರ ಶಾಸನವು ಏಳರಿಂದ ಹದಿನೇಳು ವರ್ಷದೊಳಗಿನ ಗಂಡುಮಕ್ಕಳಿಗೆ ಒಂದು ಬಿಲ್ಲನ್ನೂ ಎರಡು ಬಾಣಗಳನ್ನೂ ಒದಗಿಸಬೇಕೆಂದು ತಂದೆತಾಯಿಗಳಿಗೆ ವಿಧಿಸಿತು. ಆಸ್ಕಮನಿಗಿಂತ ಹಿರಿಯನಾದ ಹ್ಯೂ ಲ್ಯಾಟಿಮರ್ ಎಂಬ ಧರ್ಮಗುರು 1549ರಲ್ಲಿ ಬಾಲರಾಜ ಆರನೆಯ ಎಡ್ವರ್ಡನ ಮುಂದೆ ಪ್ರವಚನ ಮಾಡುತ್ತ, ತನ್ನ ತಂದೆ ತನ್ನ ವಯಸ್ಸಿಗೂ ಬಲಕ್ಕೂ ತಕ್ಕ ಬಿಲ್ಲನ್ನು ತಂದುಕೊಡುತ್ತಿದ್ದನೆಂದೂ, ತಾನು ಬೆಳೆದಂತೆ ಬಿಲ್ಲೂ ದೊಡ್ಡದಾಗುತ್ತಿತ್ತೆಂದೂ ಸ್ಮರಿಸಿದನು. ಬರಿಯ ತೋಳಿನ ಬಲದಿಂದ ಸೆಳೆಯದೆ ಇಡೀ ಮೈಯ ಭಾರವನ್ನು ಬಿಲ್ಲಿನೊಳಕ್ಕೆ ಹಾಕುವುದನ್ನು ಆ ತಂದೆಯೇ ಕಲಿಸಿದ್ದನಂತೆ. ಮಗುವಿನ ಬಲಕ್ಕೆ ತಕ್ಕ ಬಿಲ್ಲು ಎಂಬ ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕಾಗಿ ವಿನಂತಿ.

ಕೇಂಬ್ರಿಜ್ ಮತ್ತು ಟಾಕ್ಸೊಫಿಲಸ್

1530ರಲ್ಲಿ ಆಸ್ಕಮನು ಕೇಂಬ್ರಿಜಿನ ಸೇಂಟ್ ಜಾನ್ಸ್ ಕಾಲೇಜನ್ನು ಸೇರಿದನು. ಗ್ರೀಕ್ ವಿದ್ಯೆ ಅಲ್ಲಿ ಹೊಸದಾಗಿ ಚಿಗುರುತ್ತಿದ್ದ ಕಾಲವದು. ಜಾನ್ ಚೀಕ್ ಎಂಬ ಮಹಾವಿದ್ವಾಂಸನ ಪ್ರಭಾವಕ್ಕೆ ಒಳಗಾಗಿ, ತಾನು ಕಲಿಯುತ್ತಿರುವಾಗಲೇ ಕಿರಿಯರಿಗೆ ಗ್ರೀಕ್ ಕಲಿಸತೊಡಗಿದನು. ಕಲಿತದ್ದು ಗಟ್ಟಿಯಾಗಬೇಕಾದರೆ ಇನ್ನೊಬ್ಬರಿಗೆ ಕಲಿಸಬೇಕೆಂಬುದು ಅಂದಿನಿಂದಲೇ ಆತನ ಅನುಭವ. 1534ರಲ್ಲಿ ಪದವಿಯನ್ನು ಪಡೆದು ಅದೇ ಕಾಲೇಜಿನ ಫೆಲೋ ಆದನು, 1537ರಲ್ಲಿ ಎಂ.ಎ. ಆದನು. ಆದರೆ ಆರೋಗ್ಯ ಎಂದೂ ಚೆನ್ನಾಗಿರಲಿಲ್ಲ. ಮರುಕಳಿಸುವ ಜ್ವರದಿಂದ ಬಹುಕಾಲ ನರಳಿದನು. ಹಗಲಿರುಳು ಪುಸ್ತಕದ ಮೇಲೆ ಬಾಗಿದ ಮೈಗೂ ಮನಸ್ಸಿಗೂ ಬಿಲ್ಲಿನ ಬಯಲೇ ಔಷಧವೆಂದು ಆತನು ಕಂಡುಕೊಂಡನು. ವಿದ್ವಾಂಸನಿಗೆ ಇದು ತಕ್ಕ ಹವ್ಯಾಸವಲ್ಲವೆಂಬ ಆಕ್ಷೇಪಣೆಗಳೂ ಬಂದವು. ಅವುಗಳಿಗೆ ಉತ್ತರವಾಗಿಯೂ ಒಂದು ಗ್ರಂಥ ಬೇಕಾಗಿತ್ತು.

1545ರಲ್ಲಿ ಪ್ರಕಟವಾದ ಟಾಕ್ಸೊಫಿಲಸ್ ಆ ಗ್ರಂಥ. ಗ್ರೀಕ್ ಮೂಲದ ಈ ಹೆಸರಿಗೆ ಬಿಲ್ಲನ್ನು ಪ್ರೀತಿಸುವವನು ಎಂದರ್ಥ. ಬಿಲ್ಲನ್ನು ಪ್ರೀತಿಸುವ ಟಾಕ್ಸೊಫಿಲಸನಿಗೂ ವಿದ್ಯೆಯನ್ನು ಪ್ರೀತಿಸುವ ಫಿಲಾಲಗಸನಿಗೂ ನಡೆಯುವ ಸಂವಾದದ ರೂಪದಲ್ಲಿ ಇದು ರಚಿತವಾಗಿದೆ. ಮೊದಲ ಭಾಗ ಬಿಲ್ವಿದ್ಯೆಯ ಹಿರಿಮೆಯನ್ನು ಸ್ಥಾಪಿಸುತ್ತದೆ. ಎರಡನೆಯ ಭಾಗ ಉಪಕರಣಗಳ ಆಯ್ಕೆಯನ್ನೂ ಪ್ರಯೋಗವನ್ನೂ ಕಲಿಸುತ್ತದೆ. ಅಂದು ಪಂಡಿತರೆನಿಸಿಕೊಂಡವರು ಬರೆಯುತ್ತಿದ್ದುದು ಲ್ಯಾಟಿನ್ನಿನಲ್ಲಿ. ಇಂಗ್ಲಿಷು ಸಂತೆಯ ಮಾತು, ಅಡುಗೆಮನೆಯ ಮಾತು. ಶಾಸ್ತ್ರವಿಚಾರಕ್ಕೆ ಅದು ಸಾಲದೆಂಬುದು ಹಲವರ ಅಭಿಪ್ರಾಯವಾಗಿತ್ತು. ಲ್ಯಾಟಿನ್ ಅಥವಾ ಗ್ರೀಕಿನಲ್ಲಿ ಬರೆಯುವುದು ತನಗೆ ಹೆಚ್ಚು ಸುಲಭವೂ ಹೆಚ್ಚು ಗೌರವದ್ದೂ ಆಗುತ್ತಿತ್ತೆಂದು ಆಸ್ಕಮನೇ ಪೀಠಿಕೆಯಲ್ಲಿ ಒಪ್ಪಿಕೊಂಡಿದ್ದಾನೆ. ಆದರೂ ಬಿಲ್ಲು ಹಿಡಿಯುವ ಸಾಮಾನ್ಯನಿಗೆ ತಿಳಿಯದ ಭಾಷೆಯಲ್ಲಿ ಬಿಲ್ಲಿನ ಶಾಸ್ತ್ರವನ್ನು ಬರೆದು ಪ್ರಯೋಜನವೇನು? ತನ್ನ ಜನರ ವಿಷಯವನ್ನು ತನ್ನ ಜನರಿಗಾಗಿ ತನ್ನ ಜನರ ಭಾಷೆಯಲ್ಲೇ ಬರೆಯುವುದೆಂದು ನಿಶ್ಚಯಿಸಿದನು. ಇಂಗ್ಲಿಷು ಇಂದು ಏರಿರುವ ಎತ್ತರವನ್ನು ನೋಡುವ ನಮಗೆ, ಆ ಭಾಷೆಗೂ ಒಂದು ಕಾಲದಲ್ಲಿ ಇಂತಹ ಸಮರ್ಥನೆ ಬೇಕಾಗಿತ್ತೆಂದರೆ ಆಶ್ಚರ್ಯವಾಗುತ್ತದೆ.

ಗ್ರಂಥವು ಎಂಟನೆಯ ಹೆನ್ರಿಗೆ ಅರ್ಪಿತವಾಯಿತು. ಸ್ವತಃ ಬಿಲ್ಲುಗಾರನಾಗಿದ್ದ ರಾಜನು ಮೆಚ್ಚಿ, ವರ್ಷಕ್ಕೆ ಹತ್ತು ಪೌಂಡಿನ ವೇತನವನ್ನು ಗೊತ್ತುಮಾಡಿದನು. ಅದೇ 1545ರ ಜುಲೈ 19ರಂದು ಹೆನ್ರಿಯ ಮೇರಿ ರೋಸ್ ಎಂಬ ಯುದ್ಧನೌಕೆ ಪೋರ್ಟ್ಸ್‌ಮತ್ ಬಂದರಿನ ಸಮೀಪ ಮುಳುಗಿತು. ಅದರ ಅವಶೇಷವನ್ನು 1982ರಲ್ಲಿ ಮೇಲೆತ್ತಲಾಯಿತು. ಆ ಶೋಧನೆಯಲ್ಲಿ 137 ಇಡಿಯ ಬಿಲ್ಲುಗಳೂ ಮೂರೂವರೆ ಸಾವಿರದಷ್ಟು ಬಾಣಗಳೂ ದೊರೆತವು. ಆಸ್ಕಮನು ಕಾಗದದ ಮೇಲೆ ವರ್ಣಿಸಿದ ವಸ್ತುಗಳು ನಾಲ್ಕು ಶತಮಾನಗಳ ಮೇಲೆ ಕೆಸರಿನೊಳಗಿಂದ ಎದ್ದುಬಂದು ಸಾಕ್ಷಿ ನುಡಿದಂತಾಯಿತು.

ಬಿಲ್ಲು ಮತ್ತು ಹೆದೆ

ಬಿಲ್ಲಿಗೆ ಯೂ ಮರವೇ ಶ್ರೇಷ್ಠವೆಂದು ಆಸ್ಕಮನ ಮತ. ಎಲ್ಮ್, ಆ್ಯಷ್ ಮೊದಲಾದ ಮರಗಳು ಅದಕ್ಕಿಂತ ಕೆಳಗಿನವು. ಇದಕ್ಕೆ ಕಾರಣ ಮರದ ಒಳರಚನೆಯಲ್ಲಿದೆ. ಯೂ ಮರದ ಹೊರಪದರ ಬಿಳಿಯದು, ಎಳೆತವನ್ನು ತಾಳಬಲ್ಲದು. ಒಳತಿರುಳು ಕೆಂಪುಛಾಯೆಯದು, ಒತ್ತಡವನ್ನು ತಾಳಬಲ್ಲದು. ಎರಡೂ ಸೇರಿರುವಂತೆ ದಿಮ್ಮಿಯನ್ನು ಸೀಳಿ, ಬಿಳಿಯ ಭಾಗ ಗುರಿಯ ಕಡೆಗೂ ಕೆಂಪು ಭಾಗ ಬಿಲ್ಲುಗಾರನ ಕಡೆಗೂ ಬರುವಂತೆ ಕೆತ್ತುತ್ತಾರೆ. ಬಿಲ್ಲು ಬಾಗಿದಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಎರಡು ಬಗೆಯ ಶ್ರಮಕ್ಕೆ ಎರಡು ಬಗೆಯ ಮರ ಒಂದೇ ಕೋಲಿನಲ್ಲಿ ಕೂಡಿಬಂದಿರುವುದೇ ಯೂ ಮರದ ವಿಶೇಷ. ಮೇರಿ ರೋಸ್ ಹಡಗಿನ ಬಿಲ್ಲುಗಳೂ ಯೂ ಮರದವೇ. ಸರಾಸರಿ ಉದ್ದ 1.98 ಮೀಟರ್, ಅಂದರೆ ಆರೂವರೆ ಅಡಿ. ಹಿಡಿದವನಿಗಿಂತ ಎತ್ತರದ ಬಿಲ್ಲು.

ಅಂಗಡಿಯಲ್ಲಿ ನೋಡಿ ಮರುಳಾಗಬಾರದೆಂದು ಆಸ್ಕಮನು ಎಚ್ಚರಿಸುತ್ತಾನೆ. ಮರದ ಎಳೆಗಳು ಒಂದು ಕೊಪ್ಪಿನಿಂದ ಇನ್ನೊಂದು ಕೊಪ್ಪಿನವರೆಗೆ ಕಡಿಯದೆ ಹರಿದಿರಬೇಕು. ಬಣ್ಣ ಹೊಸ ಮೇಣದಂತೆ ಅಥವಾ ಬಂಗಾರದಂತೆ ಇರಬೇಕು. ಕೊಂಡ ಬಿಲ್ಲನ್ನು ಮೊದಲು ಬಯಲಿಗೆ ಒಯ್ದು ಭಾರವಾದ ಬಾಣಗಳಿಂದ ಎಸೆದು ಪಳಗಿಸಬೇಕು. ಎಲ್ಲಿ ಹೆಚ್ಚು ಬಾಗುತ್ತದೆ, ಎಲ್ಲಿ ಬಾಗುವುದಿಲ್ಲ ಎಂದು ಕಣ್ಣಿಟ್ಟು ನೋಡಬೇಕು. ಆಮೇಲೆ ಬಿಲ್ಲು ಕೆತ್ತುವವನ ಬಳಿಗೆ ಮತ್ತೆ ಒಯ್ದು, ಎರಡು ಕೈಗಳೂ ಸಮನಾಗಿ ಬಾಗುವಂತೆ ಒಪ್ಪಮಾಡಿಸಬೇಕು. ಒಂದೇ ಕಡೆ ಬಾಗುವ ಬಿಲ್ಲು ಅಲ್ಲಿಯೇ ಬಿರುಕುಬಿಟ್ಟು ಮುರಿಯುತ್ತದೆ. ನಮ್ಮ ಅಂಗಳದ ಬಿದಿರುಬಿಲ್ಲಿನ ಗತಿ ಇದೇ ಆಗಿತ್ತೆಂದು ಓದುವಾಗ ಹೊಳೆಯಿತು. ಮೇಣ ಹಚ್ಚಿದ ಉಣ್ಣೆಬಟ್ಟೆಯಿಂದ ಬಿಲ್ಲನ್ನು ಉಜ್ಜುತ್ತಿರಬೇಕು. ತೇವದ ಗೋಡೆಗೆ ಒರಗಿಸಿಡಬಾರದು. ಬೆಂಕಿಯ ಬಳಿಯೂ ಬೇಡ. ಕಡುಚಳಿಯಲ್ಲಿ ಮರ ಪೆಡಸಾಗುವುದರಿಂದ ಆಗ ವಿಶೇಷ ಜಾಗರೂಕತೆ ಬೇಕು.

ಹೆದೆಗೆ ಒಳ್ಳೆಯ ಸೆಣಬಿನ ನಾರು. ಹೆದೆ ಚಿಕ್ಕ ವಸ್ತುವೆಂದು ಅಲಕ್ಷಿಸುವವನು ಬಿಲ್ಲನ್ನೇ ಕಳೆದುಕೊಳ್ಳುತ್ತಾನೆ. ಏಕೆಂದರೆ ಪೂರ್ತಿ ಸೆಳೆದಾಗ ಹೆದೆ ಹರಿದರೆ, ಹಿಂದಕ್ಕೆ ಚಿಮ್ಮುವ ಬಿಲ್ಲನ್ನು ತಡೆಯುವ ಆಸರೆಯೇ ಇಲ್ಲದಂತಾಗಿ ಅದೂ ಮುರಿಯುತ್ತದೆ. ತೆಳುವಾದ ಹೆದೆ ಬಾಣವನ್ನು ವೇಗವಾಗಿ ಕಳುಹಿಸುತ್ತದೆ. ದಪ್ಪ ಹೆದೆ ಭದ್ರವಾದುದು. ಹೆದೆಯ ಪೆಟ್ಟಿನಿಂದ ಎಡತೋಳನ್ನು ಕಾಪಾಡಲು ತೊಗಲಿನ ತೋಳುಪಟ್ಟಿ, ಬಲಗೈ ಬೆರಳುಗಳಿಗೆ ತೊಗಲಿನ ಕವಸು. ಸಂಸ್ಕೃತ ಕಾವ್ಯಗಳ ವೀರರು ಧರಿಸುವ ಅಂಗುಲಿತ್ರಾಣವೂ ಇದೇ ಉದ್ದೇಶದ್ದು.

ಬಾಣ

ಬಾಣಕ್ಕೆ ಮೂರು ಅಂಗಗಳು: ಕಡ್ಡಿ, ಗರಿ, ಅಲಗು. ಕಡ್ಡಿಗೆ ಬರುವ ಹದಿನೈದು ಬಗೆಯ ಮರಗಳನ್ನು ಆಸ್ಕಮನು ಹೆಸರಿಸಿ, ಒಂದೊಂದರ ಗುಣದೋಷಗಳನ್ನು ಹೇಳುತ್ತಾನೆ. ಹಗುರವಾದ ಬಾಣ ಮೊದಲು ಚುರುಕಾಗಿ ಹಾರಿ ಬೇಗ ಸೋಲುತ್ತದೆ. ಭಾರವಾದುದು ನಿಧಾನವಾಗಿ ಹೊರಟರೂ ಪೆಟ್ಟು ಬಲವಾಗಿರುತ್ತದೆ. ಆದ್ದರಿಂದ ಯುದ್ಧದ ಬಾಣಗಳನ್ನು ಗಟ್ಟಿಯಾದ ಆ್ಯಷ್ ಮರದಿಂದ ಮಾಡಬೇಕು. ತನ್ನ ಕಾಲದಲ್ಲಿ ಹಗುರವಾದ ಆ್ಯಸ್ಪೆನ್ ಮರದಿಂದ ಮಾಡುತ್ತಿರುವುದು ತಪ್ಪು ಎಂದು ಆತನು ದೂರಿದನು. ಮೇರಿ ರೋಸಿನಲ್ಲಿ ಸಿಕ್ಕಿದ ಬಾಣಗಳಲ್ಲಿ ಹೆಚ್ಚಿನವು ಆ್ಯಸ್ಪೆನ್ ಸೇರಿದ ಪಾಪ್ಲರ್ ಜಾತಿಯ ಮರದವೇ ಆಗಿವೆ. ಕಾಲೇಜಿನ ಮೇಷ್ಟರೊಬ್ಬನು ರಾಜ್ಯದ ಶಸ್ತ್ರಾಗಾರದ ಸಂಗತಿಯನ್ನು ಎಷ್ಟು ನಿಖರವಾಗಿ ಗಮನಿಸಿದ್ದನೆಂಬುದಕ್ಕೆ ಇದು ನಿದರ್ಶನ.

ಗರಿಗೆ ಹೆಬ್ಬಾತೇ ಸರಿ. ನವಿಲುಗರಿ ನೋಡಲು ಚೆಂದ, ಕೆಲಸಕ್ಕೆ ಬಾರದು. ಒಂದು ಬಾಣದ ಮೂರು ಗರಿಗಳೂ ಒಂದೇ ಕಡೆಯ ರೆಕ್ಕೆಯವಾಗಿರಬೇಕು. ಎಡರೆಕ್ಕೆಯ ಗರಿ ಒಂದು ಕಡೆಗೆ ಬಾಗಿರುತ್ತದೆ, ಬಲರೆಕ್ಕೆಯದು ಇನ್ನೊಂದು ಕಡೆಗೆ. ಮೂರೂ ಒಂದೇ ಕಡೆಗೆ ಬಾಗಿದ್ದರೆ ಬಾಣ ಒಂದೇ ದಿಕ್ಕಿಗೆ ತಿರುಗುತ್ತ ನೆಟ್ಟಗೆ ಹಾರುತ್ತದೆ. ಬೆರಕೆಯಾದರೆ ಒಂದನ್ನೊಂದು ವಿರೋಧಿಸಿ ಬಾಣ ತಡವರಿಸುತ್ತದೆ. ಹಿಡಿಸೂಡಿ ಕಡ್ಡಿ ಅಡ್ಡಹಾಯುವುದಕ್ಕೆ ಗರಿಯಿಲ್ಲದಿರುವುದೇ ಮುಖ್ಯ ಕಾರಣ. ಹೆಬ್ಬಾತಿನ ಉಪಕಾರವನ್ನು ಆಸ್ಕಮನು ಮನಸಾರೆ ಹೊಗಳುತ್ತಾನೆ. ಅದರ ಪುಕ್ಕ ಹಾಸಿಗೆಗೆ, ಗರಿ ಬಾಣಕ್ಕೆ, ಗರಿಯ ದಂಟು ಬರೆಯುವ ಲೇಖನಿಗೆ. ಅಕ್ಷರಕ್ಕೂ ಅಂಬಿಗೂ ಒಂದೇ ಹಕ್ಕಿ ಸಾಮಗ್ರಿ ಒದಗಿಸುತ್ತದೆಂಬುದು ವಿದ್ವಾಂಸನೂ ಬಿಲ್ಲುಗಾರನೂ ಆಗಿದ್ದ ಆತನಿಗೆ ಬಹಳ ಹಿಡಿಸಿದ ಸಂಗತಿ.

ಅಲಗಿನಲ್ಲೂ ಒಂದು ಸೂಕ್ಷ್ಮವಿದೆ. ಗುರಿಗೆ ಎಸೆಯುವ ಬಾಣದ ಅಲಗಿಗೆ ಒಂದು ಸಣ್ಣ ಏಣು ಇರುವುದು ಒಳ್ಳೆಯದು. ಬಾಣವನ್ನು ಪೂರ್ತಿ ಸೆಳೆದಾಗ ಆ ಏಣು ಬಿಲ್ಲು ಹಿಡಿದ ಕೈಯ ಬೆರಳಿಗೆ ತಾಗುತ್ತದೆ. ಸೆಳೆತ ಸಾಕೆಂಬುದನ್ನು ಬೆರಳೇ ತಿಳಿಸುವುದರಿಂದ ಕಣ್ಣನ್ನು ಗುರಿಯಿಂದ ತೆಗೆಯಬೇಕಾಗಿಲ್ಲ.

ಐದು ಕ್ರಿಯೆಗಳು

ಎಸೆಯುವ ಕ್ರಮವನ್ನು ಆಸ್ಕಮನು ಐದಾಗಿ ವಿಂಗಡಿಸಿದನು: ನಿಲ್ಲುವುದು, ಹೂಡುವುದು, ಸೆಳೆಯುವುದು, ತಡೆಯುವುದು, ಬಿಡುವುದು. ನಿಲುವು ನೋಡುವವರ ಕಣ್ಣಿಗೂ ಹಿತವಾಗಿರಬೇಕು. ಅತಿಯಾಗಿ ಬಾಗಿಯೂ ಇರಬಾರದು, ಕಂಬದಂತೆ ಸೆಟೆದೂ ಇರಬಾರದು. ಬಾಣವನ್ನು ಹೆದೆಯ ಒಂದೇ ಸ್ಥಾನದಲ್ಲಿ ಪ್ರತಿಸಲವೂ ಹೂಡಬೇಕು. ಮೂರು ಗರಿಗಳಲ್ಲಿ ಒಂದರ ಬಣ್ಣ ಬೇರೆಯಾಗಿರುವುದು ಇದಕ್ಕೆ ಸಹಾಯಕ. ಹಿಂದಿನ ಗ್ರೀಕರು ಎದೆಯವರೆಗೆ ಸೆಳೆಯುತ್ತಿದ್ದರು. ಇಂಗ್ಲಿಷರದು ಕಿವಿಯವರೆಗೆ ಸೆಳೆಯುವ ಪದ್ಧತಿ. ಆಕರ್ಣಾಂತವಾಗಿ ಸೆಳೆದನೆಂದು ನಮ್ಮ ಕವಿಗಳೂ ವರ್ಣಿಸುತ್ತಾರಲ್ಲವೇ! ಪೂರ್ತಿ ಸೆಳೆದ ಮೇಲೆ ತಡೆಯುವ ಕಾಲ ಕಣ್ಣಿಗೆ ಕಾಣದಷ್ಟು ಅಲ್ಪವಾಗಿರಬೇಕು. ಹೆಚ್ಚಾದರೆ ಕೈ ನಡುಗುತ್ತದೆ, ಬಿಲ್ಲಿಗೂ ಅಪಾಯ. ಕೊನೆಯದಾದ ಬಿಡುವಿಕೆ ಚುರುಕಾಗಿರಬೇಕು, ಆದರೆ ಜಗ್ಗಬಾರದು. ಇವೆರಡರ ಹದವೇ ಅತ್ಯಂತ ಕಷ್ಟದ್ದು.

ಬಿಲ್ಲುಗಾರರ ದೋಷಗಳನ್ನು ಹೇಳುವಾಗ ಆಸ್ಕಮನ ಹಾಸ್ಯಪ್ರವೃತ್ತಿ ಪ್ರಕಟವಾಗುತ್ತದೆ. ಒಬ್ಬನು ತುಟಿ ಕಚ್ಚುತ್ತಾನೆ, ಒಬ್ಬನು ಒಂದು ಕಣ್ಣು ಮುಚ್ಚುತ್ತಾನೆ, ಒಬ್ಬನು ಕುತ್ತಿಗೆ ಚಾಚುತ್ತಾನೆ. ಇನ್ನೊಬ್ಬನು ಬಾಣ ಬಿಟ್ಟ ಮೇಲೆ ಅದರ ಹಿಂದೆ ಕುಪ್ಪಳಿಸುತ್ತಾನೆ, ತಾನು ಹಾರಿದರೆ ಬಾಣವೂ ಮುಂದೆ ಹೋದೀತೆಂಬಂತೆ. ತರಗತಿಯಲ್ಲಿ ಕಾಪಿ ಬರೆಯುವಾಗ ನಾಲಿಗೆ ಹೊರಚಾಚುವ ಮಕ್ಕಳನ್ನು ಕಂಡ ಯಾವ ಉಪಾಧ್ಯಾಯನಿಗಾದರೂ ಇದನ್ನು ಓದಿದಾಗ ನಗು ಬರುತ್ತದೆ. ಚಿಕ್ಕಂದಿನಲ್ಲಿ ಸರಿಯಾಗಿ ತೋರಿಸಿಕೊಡುವವರಿಲ್ಲದೆ ಬಂದ ಅಭ್ಯಾಸಗಳಿವು. ದೊಡ್ಡವನಾದ ಮೇಲೆ ಬಿಡಿಸುವುದು ದುಸ್ತರ. ನೆಟ್ಟಗೆ ಎಸೆಯಲು ಆತನು ಹೇಳುವ ಮುಖ್ಯ ಉಪಾಯ ಒಂದೇ: ಕಣ್ಣು ಸದಾ ಗುರಿಯ ಮೇಲಿರಬೇಕು.

ಗಾಳಿಯ ವಿಷಯವಾಗಿ ಆತನು ಬರೆದಿರುವ ಪುಟಗಳು ಪ್ರಸಿದ್ಧವಾಗಿವೆ. ಗಾಳಿಯನ್ನು ಕಣ್ಣಿನಿಂದ ಕಾಣುವುದು ಸಾಧ್ಯವೇ? ತಾನು ಒಮ್ಮೆ ಕಂಡೆನೆಂದು ಆತನು ಹೇಳುತ್ತಾನೆ. ಯಾರ್ಕ್‌ಷೈರಿನ ಟಾಪ್‌ಕ್ಲಿಫ್ ಮತ್ತು ಬರೋಬ್ರಿಜ್ ಊರುಗಳ ನಡುವೆ ಚಳಿಗಾಲದ ಒಂದು ದಿನ ಕುದುರೆಯ ಮೇಲೆ ಹೋಗುತ್ತಿದ್ದನು. ನೆಲದ ಹಿಮ ಗಟ್ಟಿಯಾಗಿತ್ತು, ಅದರ ಮೇಲೆ ಬಿದ್ದ ಹೊಸ ಹಿಮ ಹಗುರವಾಗಿತ್ತು. ಬಿಸಿಲಿನಲ್ಲಿ ಆ ಹಿಮದ ಪುಡಿಯನ್ನು ಗಾಳಿ ಹೊತ್ತು ಹೋಗುವುದು ಸ್ಪಷ್ಟವಾಗಿ ಕಾಣಿಸಿತು. ಒಂದು ಕಡೆ ಹಿಮ ಹೊಳೆಯಂತೆ ಹರಿಯುತ್ತಿದ್ದರೆ ಪಕ್ಕದಲ್ಲೇ ನಿಶ್ಚಲ. ಒಮ್ಮೆ ನೇರ, ಒಮ್ಮೆ ಸುಳಿ. ಗಾಳಿ ಒಂದೇ ಹಾಸಾಗಿ ಬೀಸುವುದಿಲ್ಲ, ಬೇರೆ ಬೇರೆ ಎಳೆಗಳಾಗಿ ಸಾಗುತ್ತದೆ ಎಂಬುದನ್ನು ಆತನು ದಾರಿಯುದ್ದಕ್ಕೂ ಗಮನಿಸಿ, ಬಿಲ್ಲುಗಾರನಿಗೆ ಅದರಿಂದ ಬರುವ ತೊಡಕನ್ನು ವಿವರಿಸಿದನು. ಪುಸ್ತಕದ ಪ್ರಮಾಣಕ್ಕಿಂತ ಪ್ರತ್ಯಕ್ಷ ದರ್ಶನಕ್ಕೆ ಮಹತ್ವ ಕೊಟ್ಟ ಈ ಪುಟಗಳನ್ನು ವಿಜ್ಞಾನದ ಪಾಠವಾಗಿಯೂ ಓದಬಹುದು.

ರಾಜಕುಮಾರಿಯ ಗುರು

1546ರಲ್ಲಿ ಚೀಕನ ತರುವಾಯ ಆಸ್ಕಮನು ವಿಶ್ವವಿದ್ಯಾಲಯದ ಅಧಿಕೃತ ವಾಗ್ಮಿಯಾದನು. 1548ರಲ್ಲಿ ಹದಿನಾಲ್ಕು ವರ್ಷದ ರಾಜಕುಮಾರಿ ಎಲಿಜಬೆತ್‌ಳ ಗುರು ವಿಲಿಯಂ ಗ್ರಿಂಡಲ್ ತೀರಿಕೊಂಡಾಗ, ಆ ಸ್ಥಾನಕ್ಕೆ ಆಸ್ಕಮನು ಬಂದನು. ಬೆಳಗ್ಗೆ ಗ್ರೀಕ್, ಮಧ್ಯಾಹ್ನ ಲ್ಯಾಟಿನ್. ಆತನು ಬೋಧಿಸುತ್ತಿದ್ದ ಪದ್ಧತಿಗೆ ಇಮ್ಮಡಿ ಭಾಷಾಂತರವೆಂದು ಹೆಸರು. ಸಿಸೆರೊನ ಲ್ಯಾಟಿನ್ ಗದ್ಯದ ತುಣುಕೊಂದನ್ನು ವಿದ್ಯಾರ್ಥಿ ಮೊದಲು ಇಂಗ್ಲಿಷಿಗೆ ತಿರುಗಿಸಬೇಕು. ಸ್ವಲ್ಪ ಹೊತ್ತಿನ ಮೇಲೆ, ಮೂಲವನ್ನು ನೋಡದೆ, ತನ್ನ ಇಂಗ್ಲಿಷನ್ನು ಪುನಃ ಲ್ಯಾಟಿನ್ನಿಗೆ ತರಬೇಕು. ಬಳಿಕ ಗುರುಶಿಷ್ಯರು ಜೊತೆಯಾಗಿ ಕುಳಿತು ಮೂಲದೊಂದಿಗೆ ಹೋಲಿಸಬೇಕು. ಸರಿಯಾದ ಕಡೆ ಗುರು ಮೆಚ್ಚಬೇಕು. ತಪ್ಪಿದ ಕಡೆ ಗದರದೆ ತೋರಿಸಬೇಕು. ಪರಭಾಷೆಗೆ ಹೋಗುವ ದಾರಿ ಇಲ್ಲಿ ಮಾತೃಭಾಷೆಯ ಮೂಲಕವೇ 

ಹಾದುಹೋಗುತ್ತದೆ.

ಎರಡು ವರ್ಷಗಳ ಬಳಿಕ, ಅರಮನೆಯ ಅಧಿಕಾರಿಗಳೊಂದಿಗೆ ಮನಸ್ತಾಪವಾಗಿ, ಆಸ್ಕಮನು ಆ ಕೆಲಸವನ್ನು ಬಿಟ್ಟನು. 1550ರಲ್ಲಿ ರಾಯಭಾರಿ ಸರ್ ರಿಚರ್ಡ್ ಮೋರಿಸನನ ಕಾರ್ಯದರ್ಶಿಯಾಗಿ ಜರ್ಮನಿಗೆ ಹೊರಡುವ ಮುನ್ನ ಬ್ರಾಡ್‌ಗೇಟ್ ಎಂಬಲ್ಲಿ ಲೇಡಿ ಜೇನ್ ಗ್ರೇ ಎಂಬ ಬಾಲಿಕೆಯನ್ನು ಕಂಡನು. ಮನೆಯವರೆಲ್ಲ ಬೇಟೆಗೆ ಹೋಗಿದ್ದಾಗ ಆಕೆ ಒಬ್ಬಳೇ ಕುಳಿತು ಪ್ಲೇಟೊವಿನ ಗ್ರಂಥವನ್ನು ಗ್ರೀಕಿನಲ್ಲಿ ಓದುತ್ತಿದ್ದಳು. ತಂದೆತಾಯಿಗಳ ಬಳಿ ತನಗೆ ಪ್ರತಿ ಮಾತಿಗೂ ಗದರಿಕೆ, ಚಿವುಟು, ಪೆಟ್ಟು. ಗುರುವಿನ ಬಳಿ ಮಾತ್ರ ಸೌಮ್ಯತೆ. ಆದುದರಿಂದಲೇ ಪುಸ್ತಕ ತನಗೆ ಸುಖ ಎಂದು ಆಕೆ ತಿಳಿಸಿದಳು. ನಾಲ್ಕು ವರ್ಷ ಕಳೆಯುವುದರೊಳಗೆ ಆಕೆ ರಾಜಕೀಯದ ಸುಳಿಗೆ ಸಿಕ್ಕಿ ಶಿರಚ್ಛೇದಕ್ಕೆ ಗುರಿಯಾದಳು. ಆ ಭೇಟಿ ಆಸ್ಕಮನ ಮನಸ್ಸಿನಿಂದ ಅಳಿಯಲಿಲ್ಲ.

1554ರಲ್ಲಿ ಆಸ್ಕಮನು ರಾಣಿ ಮೇರಿಯ ಲ್ಯಾಟಿನ್ ಕಾರ್ಯದರ್ಶಿಯಾದನು. ರಾಣಿ ಕ್ಯಾಥೊಲಿಕ್, ಈತ ಪ್ರಾಟೆಸ್ಟಂಟ್. ಆದರೂ ವಿದ್ವತ್ತು ಆತನನ್ನು ಕಾಪಾಡಿತು. ಅದೇ ವರ್ಷ ಮಾರ್ಗರೆಟ್ ಹೌ ಎಂಬಾಕೆಯನ್ನು ವಿವಾಹವಾದನು. 1558ರಲ್ಲಿ ಎಲಿಜಬೆತ್ ಪಟ್ಟಕ್ಕೆ ಬಂದ ಮೇಲೂ ಅದೇ ಹುದ್ದೆಯಲ್ಲಿದ್ದು, ರಾಣಿಯೊಡನೆ ಗ್ರೀಕ್ ಗ್ರಂಥಗಳನ್ನು ಓದುತ್ತಿದ್ದನು.

ಸ್ಕೂಲ್‌ಮಾಸ್ಟರ್

1563ರಲ್ಲಿ ಲಂಡನ್ನಿನಲ್ಲಿ ಪ್ಲೇಗು ಹಬ್ಬಿದುದರಿಂದ ರಾಣಿಯ ಪರಿವಾರ ವಿಂಡ್ಸರ್ ಕೋಟೆಯಲ್ಲಿತ್ತು. ಡಿಸೆಂಬರ್ 10ರಂದು ಮಂತ್ರಿ ಸರ್ ವಿಲಿಯಂ ಸೆಸಿಲನ ಕೋಣೆಯಲ್ಲಿ ಊಟಕ್ಕೆ ಕುಳಿತಾಗ ಒಂದು ಸುದ್ದಿ ಬಂತು. ಈಟನ್ ಶಾಲೆಯ ಕೆಲವು ಹುಡುಗರು ಪೆಟ್ಟಿಗೆ ಹೆದರಿ ಓಡಿಹೋಗಿದ್ದರು. ಊಟದ ಮೇಜಿನಲ್ಲಿ ಚರ್ಚೆ ಎದ್ದಿತು. ಬೆತ್ತವಿಲ್ಲದೆ ವಿದ್ಯೆಯಿಲ್ಲವೆಂದು ಕೆಲವರು, ಶಾಲೆ ಮಕ್ಕಳಿಗೆ ಸೆರೆಮನೆಯಾಗಬಾರದೆಂದು ಕೆಲವರು. ಆಸ್ಕಮನು ಎರಡನೆಯ ಪಕ್ಷವನ್ನು ಬಲವಾಗಿ ಸಮರ್ಥಿಸಿದನು. ಊಟವಾದ ಮೇಲೆ ಸರ್ ರಿಚರ್ಡ್ ಸ್ಯಾಕ್‌ವಿಲ್ ಎಂಬ ಹಿರಿಯನು ಆತನನ್ನು ಕಿಟಕಿಯ ಬಳಿಗೆ ಕರೆದೊಯ್ದು, ಹದಿನಾಲ್ಕು ತುಂಬುವುದರೊಳಗೆ ಒಬ್ಬ ಮೇಷ್ಟರ ಪೆಟ್ಟು ತನ್ನಲ್ಲಿದ್ದ ವಿದ್ಯಾಪ್ರೇಮವನ್ನೆಲ್ಲ ಓಡಿಸಿಬಿಟ್ಟಿತೆಂದು ತೋಡಿಕೊಂಡನು. ತನ್ನ ಮೊಮ್ಮಗನಿಗಾದರೂ ಹಾಗಾಗದಿರಲೆಂದು, ಕಲಿಸುವ ಸರಿಯಾದ ಕ್ರಮವನ್ನು ಬರೆದುಕೊಡಲು ಬೇಡಿಕೊಂಡನು.

ಹೀಗೆ ಸ್ಕೂಲ್‌ಮಾಸ್ಟರ್ ಎಂಬ ಗ್ರಂಥ ಆರಂಭವಾಯಿತು. ಇದನ್ನೂ ಆಸ್ಕಮನು ಇಂಗ್ಲಿಷಿನಲ್ಲೇ ಬರೆದನು. ಚುರುಕುಬುದ್ಧಿಯ ಹುಡುಗರು ಬೇಗ ಹಿಡಿಯುತ್ತಾರೆ, ಬೇಗ ಬಿಡುತ್ತಾರೆ. ನಿಧಾನಬುದ್ಧಿಯವರು ಕಷ್ಟದಿಂದ ಹಿಡಿದರೂ ಭದ್ರವಾಗಿ ಇಟ್ಟುಕೊಳ್ಳುತ್ತಾರೆ. ಶಾಲೆಯಲ್ಲಿ ಹೆಚ್ಚು ಪೆಟ್ಟು ತಿನ್ನುವವರು ಈ ನಿಧಾನಿಗಳೇ. ಮುಂದೆ ದೇಶಕ್ಕೆ ಉಪಯೋಗವಾಗುವವರಲ್ಲೂ ಇವರೇ ಹೆಚ್ಚು ಎಂದು ಆತನು ವಾದಿಸಿದನು. ಮಗುವಿನ ತಪ್ಪಿಗೆ ಪೆಟ್ಟು ಕೊಡುವ ಮೇಷ್ಟರು ಎಷ್ಟೋ ವೇಳೆ ತನ್ನದೇ ಸಿಟ್ಟನ್ನು ತೀರಿಸಿಕೊಳ್ಳುತ್ತಾನೆಂಬುದೂ ಆತನ ಅಭಿಪ್ರಾಯ. ಬಲವಾಗಿ ಸೆಳೆದು ಹಿಡಿದರೆ ಬಿಲ್ಲು ಮುರಿಯುವುದನ್ನು ಕಂಡಿದ್ದವನು, ಮಕ್ಕಳ ಮನಸ್ಸಿನ ವಿಷಯದಲ್ಲೂ ಅದೇ ಹದವನ್ನು ಬಯಸಿದನು.

ಪ್ರೋತ್ಸಾಹಿಸಿದ ಸ್ಯಾಕ್‌ವಿಲ್ 1566ರಲ್ಲಿ ತೀರಿಕೊಂಡುದರಿಂದ ಬರವಣಿಗೆ ಕುಂಟಿತು. ಗ್ರಂಥ ಪೂರ್ಣವಾಗುವ ಮೊದಲೇ, 1568ರ ಡಿಸೆಂಬರ್ ಕೊನೆಯಲ್ಲಿ ಆಸ್ಕಮನು ಲಂಡನ್ನಿನಲ್ಲಿ ನಿಧನನಾದನು. ಆತನಲ್ಲಿ ದೋಷಗಳಿರಲಿಲ್ಲವೆಂದಲ್ಲ. ಟಾಕ್ಸೊಫಿಲಸಿನಲ್ಲಿ ಪಗಡೆ ಇಸ್ಪೀಟುಗಳ ಜೂಜನ್ನು ಖಂಡಿಸಿದವನು ತಾನೇ ಜೂಜಿಗೂ ಕೋಳಿ ಅಂಕಕ್ಕೂ ಒಲಿದು ಬಡವನಾಗಿಯೇ ಸತ್ತನೆಂದು ಇತಿಹಾಸಕಾರ ಕ್ಯಾಮ್ಡನ್ ಬರೆದಿದ್ದಾನೆ. ಅಪೂರ್ಣ ಹಸ್ತಪ್ರತಿಯನ್ನು ವಿಧವೆ ಮಾರ್ಗರೆಟ್ 1570ರಲ್ಲಿ ಪ್ರಕಟಿಸಿದಳು. ಆಕೆ ಇಲ್ಲದಿದ್ದರೆ ಈ ಗ್ರಂಥ ನಮಗೆ ಉಳಿಯುತ್ತಿತ್ತೋ ಇಲ್ಲವೋ.

ಬಂದೂಕು ಬಂದ ಮೇಲೆ ಬಿಲ್ಲು ಹಿಂದೆ ಸರಿಯಿತು. 1595ರಲ್ಲಿ ಇಂಗ್ಲೆಂಡಿನ ಮಂತ್ರಾಲೋಚನ ಸಭೆಯು ತರಬೇತಿ ಪಡೆದ ನಾಡಪಡೆಗಳಲ್ಲಿ ಬಿಲ್ಲಿನ ಬದಲು ಬಂದೂಕು ಇರತಕ್ಕದ್ದೆಂದು ಆಜ್ಞಾಪಿಸಿತು. ಆದರೆ 1781ರಲ್ಲಿ ಬಿಲ್ಲುಗಾರಿಕೆಯನ್ನು ಕ್ರೀಡೆಯಾಗಿ ಪುನರುಜ್ಜೀವನಗೊಳಿಸಲು ಲಂಡನ್ನಿನಲ್ಲಿ ಸಂಘ ಕಟ್ಟಿದವರು, ಅದಕ್ಕೆ ಆಸ್ಕಮನ ಗ್ರಂಥದಿಂದ ಬಂದ ಟಾಕ್ಸೊಫಿಲೈಟ್ ಎಂಬ ಹೆಸರನ್ನೇ ಇಟ್ಟರು.

ನಮಗೆ ಪಾಠ

ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿದ ನಾನು ಸ್ಕೂಲ್‌ಮಾಸ್ಟರ್ ಗ್ರಂಥವನ್ನು ನಿವೃತ್ತನಾದ ಮೇಲೆ ನಿಘಂಟಿನ ಸಹಾಯದಿಂದ ಓದಿದೆ. ಈಟನ್ ಹುಡುಗರ ಪ್ರಸಂಗಕ್ಕೆ ಬಂದಾಗ ಪುಸ್ತಕ ಮುಚ್ಚಿಟ್ಟೆ. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಮೇಜಿನ ಮೇಲೆ ಬೆತ್ತವಿಟ್ಟುಕೊಂಡು ಪಾಠ ಮಾಡಿದವನು ನಾನು. ಮಗ್ಗಿ ಒಪ್ಪಿಸಲು ತಡವರಿಸಿದ ಒಬ್ಬ ಹುಡುಗನಿಗೆ ಒಂದು ದಿನ ಸಿಟ್ಟಿನಿಂದ ಹೊಡೆದೆ. ಮರುದಿನ ಅವನು ಬರಲಿಲ್ಲ. ಒಂದು ವಾರ ನೋಡಿ ಮನೆಗೆ ಹೋದೆ. ಅಡಿಕೆ ಹೆಕ್ಕುತ್ತಿದ್ದ ಹುಡುಗ ತಲೆಯೆತ್ತಿ ನನ್ನನ್ನು ನೋಡಲಿಲ್ಲ. ಆ ಮೇಲೆ ಶಾಲೆಗೂ ಬರಲಿಲ್ಲ. ಬೆತ್ತವನ್ನು ಅಂದೇ ಬಿಟ್ಟೆ. ಆದರೆ ಅವನ ಓದು ಹಿಂದಕ್ಕೆ ಬರಲಿಲ್ಲ. ಅವನ ಸಹಪಾಠಿಗಳು ಈ ಸಂಚಿಕೆಯ ಓದುಗರಲ್ಲಿದ್ದಾರೆ. ಅವರ ಮುಂದೆ ಇದನ್ನು ಹೇಳಿಕೊಳ್ಳಲು ಐವತ್ತು ವರ್ಷಗಳ ಈ ಸಂದರ್ಭಕ್ಕಿಂತ ತಕ್ಕುದು ಬೇರೆ ದೊರೆಯದು.

1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. ಇಲ್ಲಿನ ಮಕ್ಕಳು ಮನೆಯಲ್ಲಿ ತುಳು, ಕೊಂಕಣಿ, ಹವ್ಯಕ ಕನ್ನಡ, ಮರಾಠಿ, ಮಲಯಾಳ ಹೀಗೆ ನಾನಾ ನುಡಿಗಳನ್ನಾಡಿದರೂ, ತಲೆಮಾರುಗಳಿಂದ ಅವರಲ್ಲಿ ಹಲವರ ಓದುಬರಹಕ್ಕೆ ಕನ್ನಡವೇ ತಾಯಿ. ಮಲಯಾಳವನ್ನೂ ಇಂಗ್ಲಿಷನ್ನೂ ನಮ್ಮ ಮಕ್ಕಳು ಚೆನ್ನಾಗಿ ಕಲಿಯಲೇಬೇಕು. ಗ್ರೀಕ್ ಮತ್ತು ಲ್ಯಾಟಿನ್ನಿನಲ್ಲಿ ಪಾರಂಗತನಾದ ಆಸ್ಕಮನು ಪರಭಾಷೆಯನ್ನು ಬೇಡವೆನ್ನಲಿಲ್ಲ. ಆದರೆ ಎಳೆಯ ಕೈಗೆ ಅದರ ಬಲಕ್ಕೆ ತಕ್ಕ ಬಿಲ್ಲನ್ನು ಮೊದಲು ಕೊಡಬೇಕು. ಅದರಲ್ಲಿ ಪಳಗಿದ ಕೈಗೆ ಮುಂದೆ ಎಂತಹ ದೊಡ್ಡ ಬಿಲ್ಲೂ ಒಗ್ಗುತ್ತದೆ. ಈ ಶಾಲೆ ಐವತ್ತು ವರ್ಷಗಳಿಂದ ಮಾಡುತ್ತ ಬಂದಿರುವುದು ಇದೇ ಕೆಲಸವನ್ನು.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಒಂದೇ. ವಿಂಗ್‌ಫೀಲ್ಡನು ಮಕ್ಕಳ ಬಯಲಿಗೆ ಬಂದು ನಿಂತಂತೆ, ವರ್ಷಕ್ಕೊಮ್ಮೆಯಾದರೂ ನಮ್ಮ ಶಾಲೆಯ ಅಂಗಳಕ್ಕೆ ಬಂದು ನಿಲ್ಲಿರಿ. ಮಕ್ಕಳು ಏನು ಕಲಿಯುತ್ತಿದ್ದಾರೆಂದು ನೋಡಿರಿ. ನೋಡುವ ಹಿರಿಯರಿದ್ದಾರೆಂಬುದೇ ಮಕ್ಕಳಿಗೆ ದೊಡ್ಡ ಬಹುಮಾನ. ಶಾಲೆ ಶತಮಾನೋತ್ಸವವನ್ನು ಕಾಣಲೆಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇನೆ.